ಬಳ್ಳಿ ಏರುವ ಹಾದಿ

ಬಬಲೇಶ್ವರದಿಂದ ತಿಕೋಟಾಕ್ಕೆ ಹೋಗಿದ್ದಾಗ ಪರಿಚಯದವರ ದ್ರಾಕ್ಷಿ ತೋಟದಲ್ಲಿ ಕೂತಿದ್ದೆ. ಮನೆಯ ಸೊಸೆಯ ತೊಡೆಯ ಮೇಲೆ ಮೂರು ವರ್ಷದ ಮಗ. ಇನ್ನೂ ಕತ್ತು ನಿಂತಿರಲಿಲ್ಲ, ಮೇಲಿಂದ ಮೇಲೆ ಫಿಟ್ಸ್. ವಿಜಯಪುರದಲ್ಲಿ ಸ್ಕ್ಯಾನ್ ಮಾಡಿಸಿದಾಗ ಮಿದುಳಿನ ಮೇಲೆ ಇರಬೇಕಾದ ಮಡಿಕೆಗಳೇ ಇಲ್ಲವೆಂದು ತಿಳಿಯಿತಂತೆ.

"ಗ್ರಹಣದಾಗ ಹೊರಗ ಬಂದಿದ್ದಿ, ಅದಕ್ಕ ಹಿಂಗಾತು ಅಂತಾರ್ರಿ ನಮ್ಮತ್ತಿ. ಹೌದೇನ್ರಿ?"

"ಅಲ್ಲ ಬಿಡವ್ವ" ಎಂದೆ. ಇಷ್ಟು ಖಚಿತವಾಗಿ 'ಅಲ್ಲ' ಎನ್ನುವುದಕ್ಕೆ ಜಗತ್ತು ಎಷ್ಟೋ ವರ್ಷ ದುಡಿದಿದೆ.

ಕತೆ ಒಂದು ವಿಷದಿಂದ ಶುರುವಾಗುತ್ತದೆ. ನಮ್ಮ ಬೇಲಿಗಳ ಅಗ್ನಿಶಿಖೆಯ ಗಡ್ಡೆಯಲ್ಲೂ ಇರುವ ಕೊಲ್ಚಿಸಿನ್ ಜೀವಕೋಶ ಒಡೆದು ಎರಡಾಗುವುದನ್ನು ತಡೆಯುತ್ತದೆ. ಅದು ಕೋಶದಲ್ಲಿ ಯಾವುದಕ್ಕೆ ಅಂಟುತ್ತದೆಂದು 1967ರಲ್ಲಿ ಶಿಕಾಗೋದ ಬೊರಿಸಿ ಮತ್ತು ಟೇಲರ್ ಹುಡುಕಿದರು. ಸೋಜಿಗವೆಂದರೆ, ಅದು ಅಂಟುವ ಪ್ರೋಟೀನು ಹೇರಳವಾಗಿ ಸಿಕ್ಕಿದ್ದು ಮಿದುಳಿನಲ್ಲಿ. ಅಲ್ಲಿನ ನರಕೋಶಗಳೋ ಒಡೆಯುವುದೇ ಇಲ್ಲ! ಮರುವರ್ಷ ಜಪಾನಿನ ಮೊಹ್ರಿ ಅದನ್ನು 'ಟ್ಯೂಬ್ಯುಲಿನ್' ಎಂದು ಕರೆದರು. ಅದರ ಕಣಗಳು ಒಂದಕ್ಕೊಂದು ಕೂಡಿ ಟೊಳ್ಳು ನಳಿಗೆಯಾಗುತ್ತವೆ. ಅಂಥ 40,000 ನಳಿಗೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಮಿಲಿಮೀಟರ್.

ನಳಿಗೆ ತಾನಾಗಿ ನಿಲ್ಲುವುದಿಲ್ಲ, ಬೆಳೆಯುತ್ತದೆ, ಕುಸಿಯುತ್ತದೆ. ಅದನ್ನು ಕಟ್ಟಿ ನಿಲ್ಲಿಸುವ 'ಟೌ' ಎಂಬ ಪ್ರೋಟೀನು 1975ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಸಿಕ್ಕಿತು. ಹಂದಿಯ ಮಿದುಳಿನಿಂದ ತೆಗೆದದ್ದು.

ಗರ್ಭದಲ್ಲಿ ನರಕೋಶಗಳು ಹುಟ್ಟುವುದು ಮಿದುಳಿನ ಒಳಭಾಗದಲ್ಲಿ. ಅಲ್ಲಿಂದ ಅವು ಹೊರಪದರಕ್ಕೆ ಏರಬೇಕು. ನಮ್ಮ ತಿಕೋಟಾದ ಬಳ್ಳಿ ಸುತಳಿ ಹಿಡಿದು ಚಪ್ಪರದ ತಂತಿಗೆ ಏರುವಂತೆ ಎಂದುಕೊಳ್ಳಿ. ಆದರೆ ಇಲ್ಲಿ ಬಳ್ಳಿಯೇ ತನ್ನ ಒಳಗಿನ ನಳಿಗೆಗಳ ಬಲದಿಂದ ನಡೆಯುತ್ತದೆ. ಈ ನಡಿಗೆಗೆ ಬೇಕಾದ 'ಲಿಸ್1' ಎಂಬ ಜೀನ್ 1993ರಲ್ಲೂ 'ಡಬಲ್‌ಕಾರ್ಟಿನ್' 1998ರಲ್ಲೂ ಗೊತ್ತಾದವು. ಎರಡನೆಯದರ ಪ್ರೋಟೀನು ನಳಿಗೆಯ ಸಂದಿಗೆ ಕೂತು ಅದನ್ನು ಗಟ್ಟಿ ಮಾಡುತ್ತದೆ. ಮೊದಲನೆಯದರದು, ನಳಿಗೆಯ ಮೇಲೆ ನಡೆದು ಕೋಶಕೇಂದ್ರವನ್ನು ಎಳೆಯುವ ಡೈನೀನ್‌ಗೆ ನೆರವಾಗುತ್ತದೆ. ಇವುಗಳಲ್ಲೊಂದು ಕೆಟ್ಟರೂ ಕೋಶಗಳು ಅರ್ಧ ದಾರಿಯಲ್ಲೇ ನಿಲ್ಲುತ್ತವೆ, ಮಿದುಳು ನುಣುಪಾಗಿ ಉಳಿಯುತ್ತದೆ. ಇದರಲ್ಲಿ ಚಂದ್ರನಿಗೂ ಸೂರ್ಯನಿಗೂ ಏನೂ ಕೆಲಸವಿಲ್ಲ.

'ಲಿಸ್1' ದೋಷ ಸಾಮಾನ್ಯವಾಗಿ ಆ ಮಗುವಿನಲ್ಲೇ ಹೊಸದಾಗಿ ಆದದ್ದು. ಡಬಲ್‌ಕಾರ್ಟಿನ್ ಮಾತ್ರ ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡುಮಗುವಿಗೆ ಅದು ಬರುವುದು ತಾಯಿಯಿಂದಲೇ. ತಾಯಿಗೆ ಅದರ ಸುಳಿವೂ ಇಲ್ಲದಿರಬಹುದು. ಇದನ್ನು ಹೇಳಲು ಬಾಯಿ ತೆರೆದವನು, ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಇತ್ತ ಕಿವಿಯಾಗಿದ್ದನ್ನು ಕಂಡು ಸುಮ್ಮನಾದೆ. ಗ್ರಹಣ ಬಿಟ್ಟು ವಿಜ್ಞಾನದ ಹೆಸರಲ್ಲಿ ಬೈಯುವುದು ಆಗಬಾರದಲ್ಲ!

"ಇನ್ನೊಂದು ಕೂಸಿನ ವಿಚಾರ ಮಾಡೋಕಿಂತ ಮೊದಲ ಜೀನ್ ಪರೀಕ್ಷಾ ಮಾಡಿಸ್ರಿ" ಎಂದೆ, ಅತ್ತೆಗೂ ಕೇಳುವಂತೆ. "ಗಂಡ ಹೆಂಡತಿ ಇಬ್ರದೂ."