ಬಿಟ್ಟ ಸ್ಥಳ ತುಂಬಿರಿ: ಎಸ್‌ಕ್ಯೂಎಲ್ ಪ್ರಶ್ನೆಯ ಚರಿತ್ರೆ

ಪ್ರಶ್ನೆಪತ್ರಿಕೆಯಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಎಂಬ ವಿಭಾಗ ಎಲ್ಲ ವಿದ್ಯಾರ್ಥಿಗಳಿಗೂ ಪರಿಚಿತ. ವಾಕ್ಯವನ್ನು ಪ್ರಶ್ನೆಪತ್ರಿಕೆ ತಯಾರಿಸಿದವರು ಬರೆದಿರುತ್ತಾರೆ. ವಿದ್ಯಾರ್ಥಿ ತುಂಬುವುದು ಒಂದು ಪದವನ್ನು ಮಾತ್ರ. ಅಲ್ಲಿ ಏನೇ ಬರೆದರೂ ಪ್ರಶ್ನೆ ಬದಲಾಗುವುದಿಲ್ಲ. ಕಂಪ್ಯೂಟರಿನ ಮಾಹಿತಿ ಭಂಡಾರಗಳ ಚರಿತ್ರೆಯಲ್ಲಿ ಈ ಸರಳ ಏರ್ಪಾಡಿಗೆ ದೊಡ್ಡ ಸ್ಥಾನವಿದೆ. ಅದನ್ನು ಪಾಲಿಸಿದ ಕಡೆ ಕೆಲಸ ಬೇಗನೆ, ಸುರಕ್ಷಿತವಾಗಿ ನಡೆದಿದೆ. ಮರೆತ ಕಡೆ ಕೋಟ್ಯಂತರ ಜನರ ಮಾಹಿತಿ ಕಳ್ಳರ ಪಾಲಾಗಿದೆ.

ಕೋಷ್ಟಕಗಳ ಕಾಲ

1960ರ ದಶಕದಲ್ಲಿ ದೊಡ್ಡ ಕಂಪ್ಯೂಟರುಗಳಿಂದ ಒಂದು ಮಾಹಿತಿ ಪಡೆಯಬೇಕಾದರೆ, ಅದು ಯಾವ ಕಡತದಲ್ಲಿ, ಯಾವ ಕೊಂಡಿಯ ಹಿಂದೆ ಇದೆಯೆಂಬುದು ಪ್ರೋಗ್ರಾಮ್ ಬರೆಯುವವರಿಗೆ ತಿಳಿದಿರಬೇಕಿತ್ತು. ಅಮೆರಿಕದ ಸ್ಯಾನ್ ಹೋಸೆಯ ಐಬಿಎಂ ಸಂಶೋಧನಾಲಯದಲ್ಲಿದ್ದ ಎಡ್ಗರ್ ಎಫ್. ಕಾಡ್ 1970ರ ಜೂನ್‌ನಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಬೇರೆ ದಾರಿ ತೋರಿಸಿದರು. ಮಾಹಿತಿಯನ್ನೆಲ್ಲ ಅಡ್ಡಸಾಲು, ಕಂಬಸಾಲುಗಳ ಕೋಷ್ಟಕಗಳಾಗಿ ಕಾಣಬೇಕು. ಏನು ಬೇಕೆಂದು ಬಳಸುವವರು ಹೇಳಿದರೆ ಸಾಕು, ಹೇಗೆ ಹುಡುಕಬೇಕೆಂಬುದು ಯಂತ್ರದ ಹೊಣೆಯಾಗಬೇಕು ಎಂಬುದು ಅವರ ವಾದ. ಈ ಕೆಲಸಕ್ಕಾಗಿ 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

‘ಏನು ಬೇಕೆಂದು’ ಹೇಳಲು ಒಂದು ಭಾಷೆ ಬೇಕಾಯಿತು. ಐಬಿಎಂನಲ್ಲೇ ಇದ್ದ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ‘ಸೀಕ್ವೆಲ್’ ಎಂಬ ಭಾಷೆಯನ್ನು ಮಂಡಿಸಿದರು. ಬಾಯ್ಸ್ ಅದೇ ವರ್ಷ ಅಕಾಲ ಮರಣಕ್ಕೀಡಾದರು. ಆ ಹೆಸರು ಬೇರೊಂದು ಸಂಸ್ಥೆಯ ವ್ಯಾಪಾರ ಮುದ್ರೆಯಾಗಿದ್ದುದರಿಂದ ಭಾಷೆಯ ಹೆಸರನ್ನು ಎಸ್‌ಕ್ಯೂಎಲ್ ಎಂದು ಮೊಟಕುಗೊಳಿಸಲಾಯಿತು.

ಪ್ರಶ್ನಾರ್ಥಕ ಚಿಹ್ನೆಯ ಉಪಯೋಗ

ಈ ಭಾಷೆಯನ್ನು ಕಾರ್ಯರೂಪಕ್ಕೆ ತಂದ ಐಬಿಎಂನ ಪ್ರಯೋಗವೇ ‘ಸಿಸ್ಟಂ ಆರ್’. ವಾಕ್ಯವೊಂದು ಬಂದೊಡನೆ ಯಂತ್ರ ಅದರ ವ್ಯಾಕರಣವನ್ನು ನೋಡಬೇಕು. ಹೆಸರಿಸಿದ ಕೋಷ್ಟಕ ಇದೆಯೇ, ಕೇಳುವವರಿಗೆ ಅಧಿಕಾರವಿದೆಯೇ ಎಂದು ಪರಿಶೀಲಿಸಬೇಕು. ಹುಡುಕುವ ಹಲವು ದಾರಿಗಳಲ್ಲಿ ಖರ್ಚು ಕಡಿಮೆಯಾದುದನ್ನು ಆರಿಸಬೇಕು. ಈ ಆಯ್ಕೆಯ ಲೆಕ್ಕಾಚಾರವನ್ನು ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ವಿವರಿಸಿದರು.

ಒಂದು ಸಾವಿರ ಕ್ರಮಸಂಖ್ಯೆಗಳ ಅಂಕಗಳನ್ನು ಕೇಳುವಾಗ ಇಷ್ಟೂ ಕೆಲಸವನ್ನು ಸಾವಿರ ಸಲ ಮಾಡುವುದು ವ್ಯರ್ಥವಲ್ಲವೇ? ಬದಲಾಗುವುದು ಕ್ರಮಸಂಖ್ಯೆ ಮಾತ್ರ, ವಾಕ್ಯ ಅದೇ. ಆದ್ದರಿಂದ ಕ್ರಮಸಂಖ್ಯೆ ಇರಬೇಕಾದ ಜಾಗವನ್ನು ಖಾಲಿ ಬಿಟ್ಟು, ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ವಾಕ್ಯವನ್ನು ಒಮ್ಮೆ ಸಿದ್ಧಗೊಳಿಸುವುದು. ಆಮೇಲೆ ಬೆಲೆಗಳನ್ನು ಒಂದೊಂದಾಗಿ ಒದಗಿಸುವುದು. ‘ಪ್ರಿಪೇರ್’ ಮತ್ತು ‘ಎಕ್ಸಿಕ್ಯೂಟ್’ ಎಂಬ ಎರಡು ಹೆಜ್ಜೆಗಳ ಅರ್ಥ ಇಷ್ಟೇ. ಬಿಟ್ಟ ಸ್ಥಳಕ್ಕೆ ‘ಪ್ಯಾರಾಮೀಟರ್’ ಎಂಬ ಹೆಸರು ನಿಂತಿತು. 1986ರಲ್ಲಿ ಎಸ್‌ಕ್ಯೂಎಲ್ ಅಮೆರಿಕದ ಮಾನಕವಾಯಿತು. ಈ ಎರಡು ಹೆಜ್ಜೆಗಳ ವಿಧಾನ 1992ರ ಪರಿಷ್ಕೃತ ಮಾನಕದಲ್ಲಿ ಸೇರಿತು. ಅದೇ ವರ್ಷ ಬಂದ ಒಡಿಬಿಸಿ, 1997ರಲ್ಲಿ ಜಾವಾ ಜೊತೆ ಬಂದ ಜೆಡಿಬಿಸಿ ಇವೆರಡೂ ಅದನ್ನು ಸಾಮಾನ್ಯ ಪ್ರೋಗ್ರಾಮರುಗಳ ಕೈಗೆ ತಲುಪಿಸಿದವು.

ಡಿ’ಸೋಜ ಎಂಬ ಹೆಸರು

ವೇಗಕ್ಕಾಗಿ ಹುಟ್ಟಿದ ಈ ಉಪಾಯದಲ್ಲಿ ರಕ್ಷಣೆಯೂ ಅಡಗಿತ್ತು. ಎಸ್‌ಕ್ಯೂಎಲ್‌ನಲ್ಲಿ ಹೆಸರುಗಳನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಬರೆಯುತ್ತಾರೆ. ಮಂಗಳೂರಿನ ಕಡೆ ಸಾಮಾನ್ಯವಾದ ಡಿ’ಸೋಜ ಎಂಬ ಕುಲನಾಮವನ್ನು ಇಂಗ್ಲಿಷಿನಲ್ಲಿ ಬರೆದಾಗ ನಡುವೆ ಅಂಥದೇ ಚಿಹ್ನೆ ಬರುತ್ತದೆ. ಪ್ರೋಗ್ರಾಮು ಈ ಹೆಸರನ್ನು ನೇರವಾಗಿ ವಾಕ್ಯದೊಳಕ್ಕೆ ಅಂಟಿಸಿದರೆ, ಹೆಸರು ‘ಡಿ’ ಅಕ್ಷರಕ್ಕೇ ಮುಗಿಯಿತೆಂದು ಯಂತ್ರ ತಿಳಿಯುತ್ತದೆ. ಉಳಿದ ‘ಸೋಜ’ ಆಜ್ಞೆಯ ಭಾಗವಾಗಿ, ವಾಕ್ಯ ಕೆಡುತ್ತದೆ.

ಸಜ್ಜನರ ಹೆಸರಿನಿಂದ ವಾಕ್ಯ ಕೆಡುವುದಾದರೆ, ಕೆಡಿಸಲೆಂದೇ ಬಂದವರು ಸುಮ್ಮನಿರುವರೇ? ಹೆಸರಿನ ಜಾಗದಲ್ಲಿ ಒಂದು ಉದ್ಧರಣ ಚಿಹ್ನೆ ಹಾಕಿ, ಮುಂದೆ ‘ಅಥವಾ ಒಂದು ಒಂದಕ್ಕೆ ಸಮ’ ಎಂಬರ್ಥದ ಮಾತು ಸೇರಿಸಿದರೆ, ಷರತ್ತು ಯಾವಾಗಲೂ ನಿಜವಾಗಿ ಕೋಷ್ಟಕದ ಎಲ್ಲ ಸಾಲುಗಳೂ ಹೊರಬೀಳಬಹುದು. 1998ರ ಡಿಸೆಂಬರ್‌ನಲ್ಲಿ ‘ಫ್ರ್ಯಾಕ್’ ಎಂಬ ವಿದ್ಯುನ್ಮಾನ ಪತ್ರಿಕೆಯಲ್ಲಿ ಜೆಫ್ ಫಾರಿಸ್ಟಲ್ ಕಾವ್ಯನಾಮದಿಂದ ಬರೆದ ಲೇಖನ ಈ ಅಪಾಯವನ್ನು ಬಹಿರಂಗಗೊಳಿಸಿತು. ಮುಂದೆ ಇದಕ್ಕೆ ‘ಎಸ್‌ಕ್ಯೂಎಲ್ ಇಂಜೆಕ್ಷನ್’ ಎಂಬ ಹೆಸರು ಬಂತು. ಬಿಟ್ಟ ಸ್ಥಳದ ವಿಧಾನದಲ್ಲಿ ಈ ಆಟ ನಡೆಯದು. ವಾಕ್ಯದ ಅರ್ಥ ಮೊದಲೇ ನಿಶ್ಚಿತವಾಗಿರುವುದರಿಂದ, ಆಮೇಲೆ ಬಂದದ್ದು ಎಷ್ಟೇ ವಕ್ರವಾಗಿದ್ದರೂ ಬರಿಯ ಒಂದು ಹೆಸರು, ಆಜ್ಞೆಯಾಗಲಾರದು.

ಮದ್ದು ಕೈಯಲ್ಲಿದ್ದೂ ರೋಗ ನಿಲ್ಲಲಿಲ್ಲ. ಹಾರ್ಟ್‌ಲ್ಯಾಂಡ್ ಮತ್ತಿತರ ಅಮೆರಿಕನ್ ಸಂಸ್ಥೆಗಳಿಂದ 13 ಕೋಟಿಗೂ ಹೆಚ್ಚು ಕಾರ್ಡುಗಳ ಸಂಖ್ಯೆ ಕಳುವಾದ ಪ್ರಕರಣದಲ್ಲಿ 2010ರಲ್ಲಿ ಆಲ್ಬರ್ಟ್ ಗೊನ್ಸಾಲೆಸ್ ಎಂಬಾತನಿಗೆ 20 ವರ್ಷ ಸೆರೆವಾಸವಾಯಿತು. 2015ರಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಸಂಸ್ಥೆಯ 1,56,959 ಗ್ರಾಹಕರ ವಿವರಗಳು ಕಳುವಾದವು. ಆ ಸಂಸ್ಥೆ ಹಿಂದೆ ಕೊಂಡುಕೊಂಡಿದ್ದ ಇನ್ನೊಂದು ಕಂಪನಿಯ ಹಳೆಯ ಪುಟಗಳೇ ಕಳ್ಳರಿಗೆ ಬಾಗಿಲಾಗಿದ್ದವು. ಮರುವರ್ಷ ಟಾಕ್‌ಟಾಕ್‌ಗೆ 4 ಲಕ್ಷ ಪೌಂಡ್ ದಂಡ ಬಿತ್ತು.

ನಡುವೆ ನಿಂತ ಸೇವೆಗಳು

ಒಂದು ಕಚೇರಿಯ ಕಂಪ್ಯೂಟರಿನಿಂದ ಮಾಹಿತಿ ಪಡೆದು ಇನ್ನೊಂದರ ಭಂಡಾರಕ್ಕೆ ಸೇರಿಸುವ ತಂತ್ರಾಂಶಗಳಿಗೆ ಸಂಯೋಜನಾ ಸೇವೆಗಳೆನ್ನಬಹುದು. ಬಿಟ್ಟ ಸ್ಥಳದ ವಿಧಾನ ಇವುಗಳಿಗೆ ಹೇಳಿ ಮಾಡಿಸಿದಂಥದು: ಒಂದೇ ವಾಕ್ಯ, ಸಾವಿರಾರು ಸಾಲು. ಮೈಕ್ರೋಸಾಫ್ಟ್ 2005ರಲ್ಲಿ ಹೊರತಂದ ‘ಇಂಟಿಗ್ರೇಷನ್ ಸರ್ವೀಸಸ್’ ಇದಕ್ಕೆ ಉದಾಹರಣೆ. ಅದರಲ್ಲಿ ಒಎಲ್‌ಇ ಡಿಬಿ ಸಂಪರ್ಕವಾದರೆ ಪ್ರಶ್ನಾರ್ಥಕ ಚಿಹ್ನೆಗಳನ್ನು ಸೊನ್ನೆಯಿಂದ ಎಣಿಸಬೇಕು. ಒಡಿಬಿಸಿ ಆದರೆ ಒಂದರಿಂದ. ಎಡಿಒ ಡಾಟ್ ನೆಟ್‌ನಲ್ಲಿ ಪ್ರತಿ ಸ್ಥಳಕ್ಕೂ ಹೆಸರೇ ಇರುತ್ತದೆ. ಎಣಿಕೆ ತಪ್ಪಿದರೆ ಒಬ್ಬರ ಅಂಕ ಇನ್ನೊಂದು ವಿಷಯಕ್ಕೆ ಸೇರಿಹೋದೀತು!

ನಡುವಿನ ಸೇವೆ ಸಡಿಲವಾದರೆ ಹಾನಿ ಒಬ್ಬರಿಗೇ ನಿಲ್ಲುವುದಿಲ್ಲ. 2023ರ ಮೇ ತಿಂಗಳಲ್ಲಿ ‘ಮೂವ್‌ಇಟ್’ ಎಂಬ ಕಡತ ಸಾಗಣೆ ತಂತ್ರಾಂಶದಲ್ಲಿದ್ದ ಇಂಥದೇ ದೋಷವನ್ನು ಬಳಸಿ, ಎರಡು ಸಾವಿರಕ್ಕೂ ಹೆಚ್ಚು ಸಂಸ್ಥೆಗಳ ಮಾಹಿತಿಗೆ ಕನ್ನ ಹಾಕಲಾಯಿತು. ಬಿಬಿಸಿ ನೌಕರರ ವಿವರಗಳೂ ಅದರಲ್ಲಿ ಸೇರಿದ್ದವು. ಬಿಬಿಸಿಗೆ ಸಂಬಳದ ಲೆಕ್ಕ ಮಾಡಿಕೊಡುತ್ತಿದ್ದ ಕಂಪನಿ ಆ ತಂತ್ರಾಂಶವನ್ನು ಬಳಸುತ್ತಿತ್ತು, ಅಷ್ಟೇ.

ಬಿಟ್ಟ ಸ್ಥಳಕ್ಕೂ ಮಿತಿಯಿದೆ. ಅಲ್ಲಿ ಬೆಲೆಯನ್ನು ತುಂಬಬಹುದೇ ಹೊರತು ಕೋಷ್ಟಕದ ಹೆಸರನ್ನಾಗಲಿ, ಕಂಬಸಾಲಿನ ಹೆಸರನ್ನಾಗಲಿ ತುಂಬಲಾಗದು. ಅಂಥ ಹೆಸರುಗಳನ್ನು ಮೊದಲೇ ಒಪ್ಪಿದ ಪಟ್ಟಿಯಿಂದಲೇ ಆರಿಸಬೇಕು. ಸೇವೆಗೆ ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು. ಓದುವ ಕೆಲಸದವರಿಗೆ ಅಳಿಸುವ ಅಧಿಕಾರವೇಕೆ? ಕಾಲೇಜಿನ ಪ್ರಾಜೆಕ್ಟ್‌ಗೆಂದು ಪ್ರೋಗ್ರಾಮ್ ಬರೆಯುವ ವಿದ್ಯಾರ್ಥಿಗಳು ಮೊದಲ ದಿನದಿಂದಲೇ ಈ ರೂಢಿಯನ್ನು ಬೆಳೆಸಿಕೊಳ್ಳುವುದು ಒಳ್ಳೆಯದು. ಮುಂದೆ ಅವರು ಬರೆಯುವ ಒಂದೊಂದು ವಾಕ್ಯದ ಹಿಂದೆಯೂ ಯಾರದೋ ಹೆಸರು, ಯಾರದೋ ಉಳಿತಾಯ ಇರುತ್ತದೆ.