ಬೆಂಕಿ ಬಿಡಿಸಿದ ಚಪ್ಪಡಿ

ಬೇಸಿಗೆಯ ಗಾಳಿ ಎದ್ದಾಗ ಒಂದು ಕಿಡಿ ಸಾಕು, ಹುಲ್ಲಿನ ಗುಡಿಸಲುಗಳ ಇಡೀ ಕೇರಿ ಬೂದಿಯಾಗಬಹುದು. ಆದ್ದರಿಂದ ಸೂರು ಯಾವುದರದು ಎಂಬುದು ಹಳ್ಳಿಯವರ ಪಾಲಿಗೆ ಅಂದಚೆಂದದ ಮಾತಲ್ಲ. ಬಿತ್ತನೆಯ ರಾಗಿ, ಕಟ್ಟಿದ ದನ, ಮಲಗಿದ ಮಕ್ಕಳು ಉಳಿಯುವ ಪ್ರಶ್ನೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆ ಇದಕ್ಕೆ ತನ್ನ ನೆಲದಲ್ಲೇ ಉತ್ತರ ಕಂಡುಕೊಂಡಿತು. ಇಲ್ಲಿ ಒಳ್ಳೆಯ ಮರಕ್ಕಿಂತ ಬಂಡೆ ಸುಲಭವಾಗಿ ಸಿಗುತ್ತದೆ. ನಿಲ್ಲಿಸಿದ ಚಪ್ಪಡಿಯೇ ಗೋಡೆ, ಮಲಗಿಸಿದ ಚಪ್ಪಡಿಯೇ ಚಾವಣಿ. ವಿಚಿತ್ರವೆಂದರೆ, ಈ ಭಾಗದಲ್ಲಿ ಚಪ್ಪಡಿಯನ್ನು ಬಂಡೆಯಿಂದ ಬಿಡಿಸಿ ಕೊಡುತ್ತಿದ್ದುದೂ ಬೆಂಕಿಯೇ. ಬಯಲುಬಂಡೆಯ ಮೇಲೆ ಸೌದೆ ಉರಿಸಿ, ಆ ಉರಿಯನ್ನು ಮೆಲ್ಲಗೆ ಮುಂದೆ ಸರಿಸುತ್ತ ಹೋದರೆ ಕಾದ ಮೇಲ್ಪದರ ಹಿಗ್ಗಿ ತಣ್ಣನೆಯ ಕೆಳಪದರದಿಂದ ಬೇರೆಯಾಗುತ್ತದೆ. ಅದು ಎಲ್ಲಿಯವರೆಗೆ ಬಿಟ್ಟಿದೆ ಎಂಬುದನ್ನು ಸುತ್ತಿಗೆಯ ಸದ್ದಿನಿಂದಲೇ ತಿಳಿಯುತ್ತಿದ್ದರು. ಬೆಂಗಳೂರಿನ ಈ ಕಸುಬನ್ನು ಎಚ್. ವಾರ್ತ್ 1895ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ವರ್ಣಿಸಿದ್ದರು.

ಚಪ್ಪಡಿಯ ಬಲವೂ ದೌರ್ಬಲ್ಯವೂ ಇಲ್ಲೇ ಇವೆ. ಕಲ್ಲು ಹೊತ್ತಿಕೊಳ್ಳದು; ಪಕ್ಕದ ಮನೆಯ ಕಿಡಿ ಅದರ ಮೇಲೆ ಬಿದ್ದು ಆರಿಹೋಗುತ್ತದೆ. ಆದರೆ ಒಳಗೇ ಉರಿ ಜೋರಾದರೆ, ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಲ್ಲಿನೊಳಗಿನ ಬೆಣಚು ಥಟ್ಟನೆ ಹಿಗ್ಗಿ ಬಿರುಕು ಬಿಡುತ್ತದೆ. ಆಗ ಚಪ್ಪಡಿ ಮುನ್ಸೂಚನೆಯಿಲ್ಲದೆ ಮುರಿದು ಬೀಳಬಹುದು. ಮಣ್ಣಿನ ಮಾಳಿಗೆಯ ದಪ್ಪ ತೊಲೆ ಉರಿಯುತ್ತದೆ, ನಿಜ. ಆದರೆ ಹೊರಗೆ ಇದ್ದಿಲಿನ ಪದರ ಕಟ್ಟಿ ಒಳತಿರುಳು ಕೆಲಕಾಲ ಭಾರ ಹೊರುತ್ತದೆ. ಮಾಲೂರಿನ ಇಟ್ಟಿಗೆ, ಹೆಂಚುಗಳು ಗೂಡಿನಲ್ಲಿ ಬೆಂದೇ ಬಂದವು. ಹೆಂಚಿನ ಮನೆಗೆ ಅಪಾಯವಿರುವುದು ಕೆಳಗಿನ ಮರದ ರೀಪುಗಳಿಂದ.

ಅರಮನೆಗೂ ಈ ಪಾಠ ತಪ್ಪಲಿಲ್ಲ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮೈಸೂರಿನ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಾಗ ಕಲ್ಲು, ಇಟ್ಟಿಗೆ, ಕಬ್ಬಿಣಗಳು ಮುಂದೆ ಬಂದಿದ್ದವು. ಕಬ್ಬಿಣವೂ ಅಜೇಯವಲ್ಲ: ಉಕ್ಕು 550 ಡಿಗ್ರಿಯ ಆಸುಪಾಸಿನಲ್ಲಿ ತನ್ನ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಕಾಂಕ್ರೀಟಿನಲ್ಲಿ ಕಂಬಿಯನ್ನು ಒಳಗೆ ಹುದುಗಿಸುವುದರಿಂದ ಕಾವು ಅದಕ್ಕೆ ತಡವಾಗಿ ತಾಕುತ್ತದೆ.

ಬೆಂಕಿ ತಾಗದ ಮನೆ ಎಂಬುದಿಲ್ಲ. ಅದಕ್ಕೇ 1970ರಲ್ಲಿ ಮೊದಲು ಪ್ರಕಟವಾದ ರಾಷ್ಟ್ರೀಯ ಕಟ್ಟಡ ಸಂಹಿತೆ ಇಂದು ಕಟ್ಟಡಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಗೋಡೆ, ಕಂಬ, ಚಾವಣಿ ಉರಿಯನ್ನು ಎಷ್ಟು ಹೊತ್ತು ತಾಳಬೇಕು ಎಂದು ಹೇಳುತ್ತದೆ. ಆ ಹೊತ್ತು ಒಳಗಿರುವವರು ಹೊರಬರಲು ಇರುವ ಅವಕಾಶ. ಮೇವಿನ ಬಣವೆಯನ್ನು ಮನೆಯಿಂದ ದೂರ ಒಟ್ಟುವ ರೈತ ಮಾಡುವುದೂ ಇದೇ ಲೆಕ್ಕವನ್ನು.