ತಾಯಿಯ ಸಾಲು

ಕಳೆದ ವರ್ಷ ನಮ್ಮ ಕಡೆಯ ಒಂದು ಉಪನಯನದಲ್ಲಿ ದೊಡ್ಡಪ್ಪನ ಮಗ ಬಂದವರಿಗೆಲ್ಲ ಒಂದೊಂದು ಪುಸ್ತಕ ಹಂಚಿದ. ನಮ್ಮ ಮನೆತನದ ವಂಶವೃಕ್ಷ. ಒಂಬತ್ತು ತಲೆಮಾರಿನ ಹೆಸರುಗಳನ್ನು ಹುಡುಕಿ, ಊರೂರು ಅಲೆದು, ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದ್ದ. ನಾನು ಕನ್ನಡಕ ಹಾಕಿಕೊಂಡು ನನ್ನ ಹೆಸರು ಹುಡುಕಿದೆ. ಇತ್ತು. ಆದರೆ ಗೆರೆ ಅಲ್ಲಿಗೇ ನಿಂತಿತ್ತು. ನನಗೆ ಇಬ್ಬರು ಮಕ್ಕಳು, ಮೂವರು ಮೊಮ್ಮಕ್ಕಳು. ಅವರಾರೂ ಆ ಮರದಲ್ಲಿ ಇಲ್ಲ. ಮೇಲೆ ಹೋದಂತೆ ಹೆಂಡತಿಯರ ಹೆಸರೂ ಇಲ್ಲ. ಬರೀ ಗಂಡಸರಿಂದ ಗಂಡಸರು ಹುಟ್ಟಿದ್ದರು.

“ಇದಕ್ಕಿಂತ ಕುದುರೆಗಳ ಪುಸ್ತಕವೇ ವಾಸಿ ಕಣೋ” ಎಂದೆ. ಅವನು ನಕ್ಕ. ಅಕ್ಕನಿಗೆ ವಯಸ್ಸಾಯಿತು ಎಂದುಕೊಂಡಿರಬೇಕು. ನಾನು ತಮಾಷೆಗೆ ಹೇಳಿದ್ದಲ್ಲ.

1974ರಲ್ಲಿ ನಮ್ಮ ಯಜಮಾನರಿಗೆ ಬ್ರಿಟನ್ನಿನ ವೇಲ್ಸ್ ಪ್ರಾಂತದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ತೀರ್ಥಹಳ್ಳಿ ಕಡೆಯ ಮಳೆ ಕಂಡವಳಿಗೆ ಅಲ್ಲಿಯ ಮಳೆ ಹೊಸದಾಗಿರಲಿಲ್ಲ. ಹಸಿರು ಗುಡ್ಡ, ಮಂಜು, ಒಣಗದ ಬಟ್ಟೆ, ಎಲ್ಲ ನಮ್ಮೂರಿನ ಹಾಗೆಯೇ. ಮಾತನಾಡುವವರು ಮಾತ್ರ ಇರಲಿಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ದಾರಿಯಲ್ಲಿ ಒಂದು ಪೋನಿ ಸ್ಟಡ್ ಇತ್ತು. ಪೋನಿ ಎಂದರೆ ಕುಳ್ಳು ಜಾತಿಯ ಕುದುರೆ. ಸ್ಟಡ್ ಎಂದರೆ ಒಳ್ಳೆಯ ತಳಿಯ ಮರಿ ಪಡೆಯಲೆಂದೇ ಅವನ್ನು ಸಾಕುವ ಜಾಗ. ಬೇಲಿಯ ಹತ್ತಿರ ನಿಂತು ನೋಡುವುದು ನನಗೆ ರೂಢಿಯಾಯಿತು. ಒಡತಿ ಅರವತ್ತು ದಾಟಿದ ವಿಧವೆ. ಒಂದು ದಿನ ಆಕೆಯೇ ಕರೆದು, “ನಿನಗೆ ಲೆಕ್ಕ ಬರೆಯಲು ಬರುತ್ತದೆಯೆ?” ಎಂದು ಕೇಳಿದರು. ಬಿ.ಕಾಂ. ಓದಿದ್ದು ಕೊನೆಗೂ ಒಂದು ಕಡೆ ಉಪಯೋಗಕ್ಕೆ ಬಂತು. 1976ರಿಂದ ಎಂಟು ವರ್ಷ ಅಲ್ಲಿ ಕೆಲಸ ಮಾಡಿದೆ. ಲೆಕ್ಕಕ್ಕೆಂದು ಹೋದವಳು ಮೊದಲ ಚಳಿಗಾಲ ಮುಗಿಯುವುದರೊಳಗೆ ಸೀರೆಯ ಮೇಲೆ ಯಜಮಾನರ ಹಳೆಯ ಕೋಟು, ಕಾಲಿಗೆ ರಬ್ಬರ್ ಬೂಟು ಹಾಕಿಕೊಂಡು ಲಾಯದ ಸಗಣಿ ಬಾಚುತ್ತಿದ್ದೆ. ಈ ಸಂಗತಿಯನ್ನು ಊರಿಗೆ ಬರೆದ ಕಾಗದಗಳಲ್ಲಿ ತಿಳಿಸಲಿಲ್ಲ.

ಅಲ್ಲಿ ಬೆಳೆಸುತ್ತಿದ್ದುದು ಪ್ರದರ್ಶನದ ಪೋನಿಗಳನ್ನು. ಮಕ್ಕಳು ಸವಾರಿ ಮಾಡಿ ಮೇಳಗಳಲ್ಲಿ ಬಹುಮಾನ ಗೆಲ್ಲುವ, ತೆಳ್ಳಗಿನ ಕಾಲಿನ, ನಡೆದರೆ ನೆಲ ಸೋಕದಂತೆ ಕಾಣುವ ಕುದುರೆಗಳು. ಕುದುರೆಯ ಎತ್ತರವನ್ನು ಅವರು ಅಂಗೈ ಅಗಲದಲ್ಲಿ ಅಳೆಯುತ್ತಾರೆ. ಒಂದು ಅಂಗೈಗೆ ನಾಲ್ಕು ಅಂಗುಲ. ಅವುಗಳಲ್ಲಿ ಎತ್ತರದ್ದೆಂದರೂ ಹದಿನಾಲ್ಕೂವರೆ ಅಂಗೈ, ಅಂದರೆ ಐದು ಅಡಿಗೂ ಕಡಿಮೆ.

ಈ ತಳಿಯ ಹಿಂದೆ ನಮ್ಮ ದೇಶದ ಕಥೆಯೂ ಇದೆ ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಮಣಿಪುರದವರು ಪುಟ್ಟ ಕುದುರೆಗಳ ಮೇಲೆ ಕೂತು ಆಡುತ್ತಿದ್ದ ಚೆಂಡಾಟವನ್ನು ಬ್ರಿಟಿಷರು ಕಲಿತು, 1859ರಲ್ಲಿ ಅಸ್ಸಾಮಿನ ಸಿಲ್ಚರ್‌ನಲ್ಲಿ ಕ್ಲಬ್ ಕಟ್ಟಿದರು. ಅದೇ ಪೋಲೊ. ಆಟ ಇಂಗ್ಲೆಂಡಿಗೆ ಹೋದಾಗ ಅದಕ್ಕೆ ತಕ್ಕ ಕುದುರೆಗಳೂ ಬೇಕಾದವು. 1893ರಲ್ಲಿ ಅದಕ್ಕಾಗಿಯೇ ಒಂದು ಪೋಲೊ ಪೋನಿ ಸೊಸೈಟಿ ಹುಟ್ಟಿತು. ಗುಡ್ಡಗಾಡಿನ ಪೋನಿ ಹೆಣ್ಣುಗಳಿಗೆ ರೇಸಿನ ಥರೋಬ್ರೆಡ್ ಮತ್ತು ಅರಬ್ಬಿ ಗಂಡುಗಳನ್ನು ಕೂಡಿಸಿದರು. ಮುಂದೆ ಪೋಲೊದಲ್ಲಿ ಎತ್ತರದ ಮಿತಿ ತೆಗೆದುಹಾಕಿದರು. ಆಟಗಾರರು ದೊಡ್ಡ ಕುದುರೆಗಳ ಕಡೆ ತಿರುಗಿದರು. ಆ ಸಣ್ಣ ಚೆಲುವಿನ ತಳಿ ಮಕ್ಕಳ ಪಾಲಿಗೆ ಉಳಿಯಿತು.

ನನ್ನ ಕೆಲಸ ದಾಖಲೆ ಪುಸ್ತಕದ್ದು. ಯಾವ ಹೆಣ್ಣಿಗೆ ಯಾವ ದಿನ ಯಾವ ಗಂಡನ್ನು ಕೂಡಿಸಿದ್ದು, ಗಬ್ಬ ನಿಂತಿತೋ ಇಲ್ಲವೋ, ಹನ್ನೊಂದು ತಿಂಗಳಾದ ಮೇಲೆ ಯಾವ ರಾತ್ರಿ ಈದಿತು, ಕಸ ಬಿದ್ದದ್ದು ಎಷ್ಟು ಹೊತ್ತಿಗೆ, ಮರಿ ಎದ್ದು ನಿಂತು ಗಿಣ್ಣು ಹಾಲು ಕುಡಿದದ್ದು ಯಾವಾಗ. ಕುದುರೆ ಸಾಮಾನ್ಯವಾಗಿ ರಾತ್ರಿಯೇ ಈಯುತ್ತದೆ. ಕೆಚ್ಚಲ ತುದಿಯಲ್ಲಿ ಮೇಣದಂಥ ಹನಿ ಕಂಡರೆ ಇನ್ನು ತಡವಿಲ್ಲ ಎಂದು ಅರ್ಥ. ಎಷ್ಟೋ ರಾತ್ರಿ ನಾನೂ ಒಡತಿಯೂ ಲಾಟೀನು ಹಿಡಿದು, ಫ್ಲಾಸ್ಕಿನ ಕಾಫಿ ಕುಡಿಯುತ್ತ ಹುಲ್ಲಿನ ಮೇಲೆ ಕೂತಿದ್ದೇವೆ. ಅಂಥ ರಾತ್ರಿಗಳಲ್ಲಿ ಆಕೆ ನನಗೆ ಕುದುರೆಗಳ ವಂಶ ಕಲಿಸಿದರು.

ಮೊದಲ ಪಾಠವೇ ನನ್ನನ್ನು ಬೆರಗುಗೊಳಿಸಿತು. ಎರಡು ಮರಿಗಳಿಗೆ ತಂದೆ ಒಬ್ಬನೇ ಎಂದು ಪುಸ್ತಕದಲ್ಲಿ ನೋಡಿ, “ಇವು ಅಕ್ಕತಂಗಿಯರು” ಎಂದೆ. “ಅಲ್ಲ. ತಂದೆ ಒಂದಾದರೆ ಕುದುರೆಗಳಲ್ಲಿ ಬಂಧುತ್ವ ಹೇಳುವುದಿಲ್ಲ. ತಾಯಿ ಒಂದಾದರೆ ಮಾತ್ರ ಅಕ್ಕತಂಗಿ” ಎಂದರು. ಕಾರಣ ಸರಳ. ಗಂಡಿಗೆ ವರ್ಷಕ್ಕೆ ಹತ್ತಾರು ಮರಿ. ಹೆಣ್ಣಿಗೆ ವರ್ಷಕ್ಕೆ ಒಂದೇ. ಅದನ್ನೂ ಹೊತ್ತು, ಹೆತ್ತು, ಆರು ತಿಂಗಳು ಹಾಲೂಡಿಸಿ ಸಾಕಬೇಕು.

ವಂಶಪತ್ರ ಬರೆಯುವಾಗ ತಂದೆಯ ಕಡೆ ಮೇಲೆ, ತಾಯಿಯ ಕಡೆ ಕೆಳಗೆ. ಎಲ್ಲಕ್ಕಿಂತ ಕೆಳಗಿನ ಸಾಲು ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂದು ಹೋಗುತ್ತದೆ. ಬಹುಮಾನದ ಸುದ್ದಿಯಲ್ಲಿ ಮೆರೆಯುವುದು ಮೇಲಿನ ಸಾಲಿನ ಗಂಡುಗಳೇ. ಒಡತಿ ಮಾತ್ರ ಯಾವ ಕಾಗದ ಕೊಟ್ಟರೂ ಮೊದಲು ಬೆರಳಿಡುತ್ತಿದ್ದುದು ಕೆಳಗಿನ ಸಾಲಿನ ಮೇಲೆ.

ವೇಲ್ಸಿನ ಗುಡ್ಡದ ಪೋನಿಗಳ ಮೂಲಪುರುಷನೆಂದು ಹೊಗಳಿಸಿಕೊಳ್ಳುವುದು ಡಯೋಲ್ ಸ್ಟಾರ್‌ಲೈಟ್ ಎಂಬ ಬೂದು ಬಣ್ಣದ ಗಂಡು, ಹುಟ್ಟಿದ್ದು 1894. ಅದರ ತಾಯಿಯ ಹೆಸರು ಮೂನ್‌ಲೈಟ್. ಬೆಳದಿಂಗಳು ಹೆತ್ತ ನಕ್ಷತ್ರ! ಪ್ರದರ್ಶನದ ಪೋನಿಗಳಲ್ಲಿ ಹಾಗೆಯೇ ಬುಲ್ಖ್ ವ್ಯಾಲೆಂಟಿನೊ ಎಂಬ ಗಂಡಿಗೆ ದೊಡ್ಡ ಹೆಸರು. ವೆಲ್ಷ್ ಭಾಷೆಯಲ್ಲಿ ಬುಲ್ಖ್ ಎಂದರೆ ಬೆಟ್ಟಗಳ ನಡುವಿನ ಕಣಿವೆ ದಾರಿ. ಅವನ ತಾಯಿ ಬುಲ್ಖ್ ಗೋಲ್ಡ್‌ಫ್ಲೇಕ್, ಅವಳ ತಾಯಿ ಸಿಗರೇಟ್. ನಮ್ಮೂರಿನ ಬೀಡಾ ಅಂಗಡಿಯ ಹೆಸರುಗಳನ್ನು ವೇಲ್ಸಿನ ಲಾಯದಲ್ಲಿ ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ಸಿಗರೇಟ್ ಒಂದು ಪುಟ್ಟ ವೆಲ್ಷ್ ಹೆಣ್ಣು. ಮೇಳದಿಂದ ಮೇಳಕ್ಕೆ ಗೆದ್ದು ಹೆಸರಾದ ಎಷ್ಟೋ ಪೋನಿಗಳು ಅವಳ ಮರಿಮಕ್ಕಳು.

ಇನ್ನೊಂದು ಮನೆತನ ಪ್ರೆಟಿ ಪಾಲಿಯದು. 1950ರ ದಶಕದಲ್ಲಿ ಅವಳು ಗೆಲ್ಲದ ದೊಡ್ಡ ಬಹುಮಾನವಿಲ್ಲ. ತಂದೆ ನಸೀಲ್, ಐರ್ಲೆಂಡಿನಲ್ಲಿದ್ದ ಅರಬ್ಬಿ ಗಂಡು; ತಾಯಿ ಜಿಪ್ಸಿ ಗೋಲ್ಡ್. ಮೈದಾನ ಬಿಟ್ಟ ಮೇಲೆ ಪಾಲಿ ತಾಯಿಯಾದಳು. ಅವಳ ಮಗಳು ಪಾಲೀಸ್ ಜೆಮ್, ಆ ಮಗಳ ಮಗ ಜೆಮ್ಸ್ ಸಿಗ್ನೆಟ್. ಅವನೂ ಹೆಸರಾಂತ ಮರಿಗಳ ತಂದೆ. ಪ್ರಶಸ್ತಿ ಗೆದ್ದ ಹೆಣ್ಣಿನ ಕಥೆ ಪ್ರಶಸ್ತಿಗೆ ಮುಗಿಯಲಿಲ್ಲ ಎಂಬುದು ನನಗೆ ಇಷ್ಟವಾಯಿತು.

ಥರೋಬ್ರೆಡ್ ಕುದುರೆಗಳ ದೊಡ್ಡ ಪುಸ್ತಕ 1791ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಅದನ್ನು ಜೋಡಿಸಿರುವುದೇ ತಾಯಂದಿರ ಹೆಸರಿನಿಂದ. ಹೆಣ್ಣುಕುದುರೆಯ ಹೆಸರು, ಅದರ ಕೆಳಗೆ ಅವಳು ಯಾವ ವರ್ಷ ಏನು ಹೆತ್ತಳು ಎಂಬ ಪಟ್ಟಿ. ಬ್ರೂಸ್ ಲೋ ಎಂಬ ಆಸ್ಟ್ರೇಲಿಯದವನು ಆ ಪುಸ್ತಕ ಹಿಡಿದು ತಾಯಿಯ ಸಾಲುಗಳನ್ನು ಹಿಂದಕ್ಕೆ ಹಿಂದಕ್ಕೆ ಎಳೆದು ನಲವತ್ತಮೂರು ಕುಟುಂಬಗಳನ್ನು ಗುರುತಿಸಿದ. ಅವನು ಸತ್ತ ಮೇಲೆ 1895ರಲ್ಲಿ ಆ ಗ್ರಂಥ ಅಚ್ಚಾಯಿತು. ಒಂದನೆಯ ಕುಟುಂಬದ ಮೂಲಮಾತೆಯ ಹೆಸರೇನು ಗೊತ್ತೆ? ‘ಟ್ರೆಗಾನ್‌ವೆಲ್‌ನ ಬಾರ್ಬ್ ಹೆಣ್ಣು’. ಬಾರ್ಬ್ ಎಂದರೆ ಉತ್ತರ ಆಫ್ರಿಕದ ತಳಿ, ಟ್ರೆಗಾನ್‌ವೆಲ್ ಅವಳ ಒಡೆಯ. ಮೂರನೆಯವಳು ‘ಇಬ್ಬರು ಟ್ರೂ ಬ್ಲೂಗಳ ತಾಯಿ’. ಅವರ ಸ್ವಂತ ಹೆಸರು ಯಾರೂ ಬರೆದಿಡಲಿಲ್ಲ.

ಅದನ್ನು ಓದಿದ ರಾತ್ರಿ ನಾನು ನಗಲಿಲ್ಲ. ನನ್ನ ತಾಯಿಯ ಹೆಸರು ಗೊತ್ತು, ಅಜ್ಜಿಯದು ಗೊತ್ತು. ಅಜ್ಜಿಯ ತಾಯಿಯದು? ಗೊತ್ತಿರಲಿಲ್ಲ. ಶ್ರಾದ್ಧದಲ್ಲಿ ಹೆಂಗಸರ ಹೆಸರನ್ನೂ ಹೇಳುತ್ತಾರಲ್ಲ ಎಂದು ನೀವು ಕೇಳಬಹುದು. ಹೇಳುತ್ತಾರೆ, ಅವರವರ ಗಂಡಂದಿರ ಜೊತೆಗೆ. ತಾಯಿಯ ತಾಯಿ ಅಲ್ಲಿ ತಾತನ ಹೆಂಡತಿಯಾಗಿ ಬರುತ್ತಾಳೆ; ಅವಳ ತಾಯಿ ಬರುವುದೇ ಇಲ್ಲ. ತುಳುನಾಡಿನ ಬಂಟರಲ್ಲಿ ‘ಬಳಿ’ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ನಮ್ಮಲ್ಲಿ ಅಂಥದ್ದಿಲ್ಲ. ಲಾಯದ ಹೆಣ್ಣೊಂದರ ಆರು ತಲೆಮಾರಿನ ತಾಯಂದಿರನ್ನು ಬಾಯಿಪಾಠ ಹೇಳುತ್ತಿದ್ದವಳಿಗೆ ತನ್ನ ಮೂರನೆಯ ತಾಯಿ ಗೊತ್ತಿರಲಿಲ್ಲ. ಮರುದಿನವೇ ಅಮ್ಮನಿಗೆ ಕಾಗದ ಬರೆದೆ.

ಅದೇ ವರ್ಷ, 1980ರ ಮೇ ತಿಂಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ನಾನು ಬೆಳ್ಳಿ ಎಂದು ಕರೆಯುತ್ತಿದ್ದ ಬೂದು ಹೆಣ್ಣು ಅಲ್ಲಿತ್ತು. ಆ ಬಣ್ಣದ ಕುದುರೆಗಳು ಹುಟ್ಟುವಾಗ ಕಪ್ಪೋ ಕಂದೋ ಇದ್ದು, ವರ್ಷ ಕಳೆದಂತೆ ನಮ್ಮ ತಲೆಯ ಹಾಗೆ ಬೆಳ್ಳಗಾಗುತ್ತವೆ. ಬೆಳ್ಳಿಗೆ ಸ್ಟಡ್ಡಿನ ಹೆಸರಾಂತ ಗಂಡನ್ನು ಕೂಡಿಸಿ ಎರಡು ದಿನವಾಗಿತ್ತು. ಆ ಸಂಜೆ ಗೇಟಿನ ಚಿಲಕ ಹಾಕುವುದನ್ನು ನಾನು ಮರೆತೆ. ಬೆಳಿಗ್ಗೆ ಮೊದಲು ಹೋದವಳೂ ನಾನೇ. ಎರಡು ವರ್ಷದ ಪುಂಡ ಗಂಡು ಮರಿಯೊಂದು ಹೆಣ್ಣುಗಳ ಹುಲ್ಲುಗಾವಲಿನಲ್ಲಿ, ಬೆಳ್ಳಿಯ ಪಕ್ಕದಲ್ಲೇ ನಿಂತಿತ್ತು. ಅದನ್ನು ಹೊಡೆದುಕೊಂಡು ಹೋಗಿ ಕಟ್ಟಿದೆ. ಯಾರೂ ನೋಡಲಿಲ್ಲ.

ಹೇಳದೆ ಇರಬಹುದಿತ್ತು. ಎರಡು ದಿನ ಹೇಳಲಿಲ್ಲ. ಬೆಳ್ಳಿಯ ಮರಿಗೆ ಆಗಲೇ ಗಿರಾಕಿ ಮಾತು ಕೊಟ್ಟಿದ್ದರು. ತಂದೆಯ ಹೆಸರಿಗೆಂದೇ ಒಳ್ಳೆಯ ಬೆಲೆ. ಆ ಹಣದಲ್ಲಿ ಲಾಯದ ಮಾಡು ರಿಪೇರಿಯಾಗಬೇಕಿತ್ತು. ಕೆಲಸ ಹೋದರೆ ನನಗೆ ಇನ್ನೊಂದು ಬೇಲಿ ಇರಲಿಲ್ಲ. ಮೂರನೆಯ ದಿನ ಪುಸ್ತಕ ತೆರೆದಾಗ ಕೈ ಮುಂದೆ ಹೋಗಲಿಲ್ಲ. ಹೋಗಿ ಹೇಳಿದೆ.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಕೊನೆಗೆ, “ತಂದೆಯ ಜಾಗ ಖಾಲಿ ಬಿಡು. ತಾಯಿ ಯಾರೆಂದು ಗೊತ್ತಲ್ಲ, ಅಷ್ಟನ್ನು ಬರೆ” ಎಂದರು. ಗಿರಾಕಿಗೂ ಅವರೇ ತಿಳಿಸಿದರು, ವ್ಯಾಪಾರ ಮುರಿಯಿತು. ಮುಂದಿನ ಏಪ್ರಿಲ್‌ನಲ್ಲಿ ಬೆಳ್ಳಿ ಒಂದು ಹೆಣ್ಣು ಮರಿ ಹಾಕಿದಳು. ಅಷ್ಟು ಚೆಂದದ ಮರಿಯನ್ನು ಆ ಎಂಟು ವರ್ಷದಲ್ಲಿ ನಾನು ನೋಡಲಿಲ್ಲ. ವಂಶಪತ್ರವಿಲ್ಲದ ಅದು ಹಾಲು ಬಿಡಿಸಿದ ಮೇಲೆ ಹತ್ತಿರದ ರೈತನ ಮಗಳಿಗೆ, ಬಹಳ ಕಡಿಮೆ ಬೆಲೆಗೆ ಹೋಯಿತು. ಮಾಡು ಆ ಚಳಿಗಾಲವೆಲ್ಲ ಸೋರಿತು. ಬಕೆಟ್ ಇಟ್ಟು ಇಟ್ಟು ನನ್ನ ತಪ್ಪನ್ನು ನಾನೇ ತುಂಬಿ ಚೆಲ್ಲಿದೆ. ಆ ಹುಡುಗಿ ಮಾತ್ರ ಅದರ ಮೇಲೆ ಕೂತು ಅಂಗಡಿಗೆ, ಗೆಳತಿಯರ ಮನೆಗೆ ಹೋಗುವುದನ್ನು ನಾವು ಊರು ಬಿಡುವವರೆಗೂ ನೋಡಿದ್ದೇನೆ.

ಪುಸ್ತಕದಲ್ಲಿ ತಂದೆಯ ಹೆಸರು ಬರೆದವರ ಮಾತಿನ ಮೇಲೆ ನಿಂತಿದ್ದು ಎಂದು ಅಂದು ಅರಿತೆ. ತಾಯಿಯದು ಕಣ್ಣಾರೆ ಕಂಡದ್ದು ಎಂದು ನಂಬಿದ್ದೆ. ಅದೂ ಪೂರ್ತಿ ನಿಜವಲ್ಲ. 2002ರಲ್ಲಿ ಐರ್ಲೆಂಡಿನ ವಿಜ್ಞಾನಿಗಳು ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿದು ಬರುವ ಡಿ.ಎನ್.ಎ. ಅಂಶವನ್ನು ಥರೋಬ್ರೆಡ್‌ಗಳಲ್ಲಿ ಪರೀಕ್ಷಿಸಿದಾಗ, ಕೆಲವು ಕುಟುಂಬಗಳ ತಾಯಿಯ ಸಾಲು ಪುಸ್ತಕದಲ್ಲಿದ್ದಂತೆ ಇರಲಿಲ್ಲ. ಎಲ್ಲೋ ಯಾರೋ ಮರಿ ಅದಲುಬದಲು ಮಾಡಿದ್ದರು, ಅಥವಾ ತಪ್ಪಾಗಿ ಬರೆದಿದ್ದರು. ಪುಸ್ತಕ ಮರೆತರೂ ರಕ್ತದಲ್ಲಿ ತಾಯಿಯ ಗುರುತು ಉಳಿದಿತ್ತು.

ಅಮ್ಮನ ಉತ್ತರ ಬರಲು ಒಂದೂವರೆ ತಿಂಗಳು ಹಿಡಿಯಿತು. ಏರೋಗ್ರಾಂ ತುಂಬ ಅಡಿಕೆ ಕೊಯ್ಲು, ಯಾರ್‍ಯಾರ ಮದುವೆ, ಮಕ್ಕಳಿಗೆ ಎಣ್ಣೆಸ್ನಾನ ಮಾಡಿಸುತ್ತೀಯಾ ಎಂಬ ವಿಚಾರಣೆ. ಕೊನೆಗೆ ಅಂಚಿನಲ್ಲಿ ಸಣ್ಣ ಅಕ್ಷರ: “ನೀನು ಕೇಳಿದ್ದಕ್ಕೆ ನಾಲ್ಕು ಮನೆ ವಿಚಾರಿಸಿದೆ. ನನ್ನ ಅಜ್ಜಿಯ ಹೆಸರು ಯಾರಿಗೂ ಗೊತ್ತಿಲ್ಲ. ಮದುವೆಯಲ್ಲಿ ಹೆಸರು ಬದಲಾಯಿಸಿದ್ದರಂತೆ, ಅದೂ ಮರೆತಿದೆ. ಕೊಪ್ಪದ ಕಡೆಯಿಂದ ತಂದ ಹೆಣ್ಣು, ಎಲ್ಲರೂ ಕೊಪ್ಪದಮ್ಮ ಅನ್ನುತ್ತಿದ್ದರು. ಒಂಬತ್ತು ಹೆತ್ತಿದ್ದಳು. ಕೈರುಚಿ ಚೆನ್ನಾಗಿತ್ತಂತೆ. ಇದೆಲ್ಲ ನಿನಗೆ ಈಗ ಯಾಕೆ?”

ಟ್ರೆಗಾನ್‌ವೆಲ್‌ನ ಬಾರ್ಬ್ ಹೆಣ್ಣು. ಕೊಪ್ಪದ ಕಡೆಯ ಹೆಣ್ಣು.

ಯಾಕೆ ಎಂದು ಅಮ್ಮನಿಗೆ ಆಗ ಸರಿಯಾಗಿ ಉತ್ತರ ಕೊಡಲಿಲ್ಲ. 1984ರಲ್ಲಿ ಊರಿಗೆ ಮರಳುವಾಗ ಒಡತಿ ಲಾಯದ ದಾಖಲೆಗೆಂದು ತರಿಸಿದ್ದ ಒಂದು ಖಾಲಿ ಪುಸ್ತಕವನ್ನು ನನಗೆ ಕೊಟ್ಟಿದ್ದರು. ಅದು ಇಷ್ಟು ವರ್ಷ ಬೀರುವಿನಲ್ಲಿ ಖಾಲಿಯೇ ಇತ್ತು. ಉಪನಯನ ಮುಗಿಸಿ ಶಿವಮೊಗ್ಗಕ್ಕೆ ಬಂದ ರಾತ್ರಿ ಅದನ್ನು ತೆಗೆದೆ. ಮೊಮ್ಮಗಳ ಹೆಸರು ಬರೆದೆ, ಅವಳಮ್ಮನದು ಬರೆದೆ, ನನ್ನದು, ಅಮ್ಮನದು, ಅಜ್ಜಿಯದು. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ‘ಕೊಪ್ಪದಮ್ಮ’ ಎಂದು ಬರೆದು, ಮುಂದೆ ಸ್ವಲ್ಪ ಜಾಗ ಬಿಟ್ಟೆ.